ಕರಲುಮಣ್ಣಿಗೆ ಅಡ್ಡ ನಿಂತ ನೀಲಿ ಫಲಕದವರಿಗೆ

ಮಾನ್ಯ ನೀಲಿ ಫಲಕದವರೇ,

ಜಗಳೂರು ಹಳೇ ಪೇಟೆಯ ನಮ್ಮ ಮಾಳಿಗೆ ಮನೆಯ ಬಾಗಿಲವಾಡದ ಮೇಲೆ ವಿರಾಜಮಾನರಾಗಿ, 'ಸಂರಕ್ಷಿತ ಕಟ್ಟಡ, ಬದಲಾವಣೆ ಮಾಡಿದವರಿಗೆ ಶಿಕ್ಷೆ' ಎಂದು ಹೋಗಿಬರುವವರನ್ನೆಲ್ಲ ಗದರಿಸುತ್ತಿರುವ ತಮಗೆ, ಅದೇ ಮನೆಯಲ್ಲಿ ವಾಸವಿರುವ ಮಹೇಶ್ವರಪ್ಪನ ಸಾಷ್ಟಾಂಗ ನಮಸ್ಕಾರಗಳು. ಪುರಾತತ್ವ ಇಲಾಖೆಗೆ ಬರೆದ ಏಳು ಅರ್ಜಿಗಳಿಗೂ ಉತ್ತರ ಬಾರದ ಕಾರಣ, ಇಲಾಖೆಯ ಪೈಕಿ ದಿನವೂ ಹಾಜರಿರುವ ಏಕೈಕ ಸಿಬ್ಬಂದಿಯಾದ ತಮಗೇ ನೇರವಾಗಿ ಬರೆಯುತ್ತಿದ್ದೇನೆ.

ಮೊದಲು ತಮ್ಮ ಆಗಮನದ ವೈಭವ ನೆನೆಯಬೇಕು. ನೂರೈವತ್ತು ವರ್ಷ ಒಂದು ಗೀರೂ ಬೀಳದ ಕೆತ್ತನೆಯ ಬಾಗಿಲವಾಡಕ್ಕೆ ಆರಿಂಚಿನ ನಾಲ್ಕು ಮೊಳೆ ಜಡಿದು ತಮ್ಮನ್ನು ಪ್ರತಿಷ್ಠಾಪಿಸಿದಾಗ, ತೇಗದ ಗಿಳಿಯೊಂದರ ತಲೆ ಹಾರಿತು. ಸಂರಕ್ಷಣೆ ಎಂದರೇನೆಂದು ನಮಗೆ ಅಂದೇ ತಿಳಿಯಬೇಕಿತ್ತು. ಮಂದಮತಿಗಳಾದ ನಾವು, ಮೊಳೆ ಹೊಡೆಸಿದ ಇಲಾಖೆಯ ಸಾಹೇಬರಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ ಕೈಮುಗಿದೆವು.

ತಾವು ಬೀದಿಗೆ ಹೊಸಬರು, ಆದ್ದರಿಂದ ಅರಿಕೆ ಮಾಡುತ್ತೇನೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಕೆರೆಯಂಚಿನ ಕರಲುಮಣ್ಣು ತಂದು ಮಾಳಿಗೆಗೆ ಹೊದಿಸಿ ತುಳಿದರೆ ಒಂದು ಹನಿಯೂ ಒಳಗಿಳಿಯದು. ದುರುಗಣ್ಣನ ಮನೆತನದವರು ತಾತನ ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ಈ ಸಲವೂ ಆತ ಮಣ್ಣು ಹೇರಿಕೊಂಡು ಬಂದ. ಅದೇ ಹೊತ್ತಿಗೆ ತಪಾಸಣೆಗೆ ಬಂದ ಸಾಹೇಬರು ಬಾಗಿಲ ಮೇಲಿದ್ದ ತಮ್ಮತ್ತ ಬೆರಳು ತೋರಿಸಿ, "ಒಂದು ಬುಟ್ಟೀನೂ ಹಾಕಂಗಿಲ್ಲ, ಮೂಲ ಸ್ವರೂಪ ಕೆಡ್ತೈತೆ" ಎಂದು ಅಪ್ಪಣೆ ಕೊಡಿಸಿದರು. "ಮೂಲ ಸ್ವರೂಪನೇ ತಂದೀನಲ್ಲ ಸ್ವಾಮಿ, ಟ್ರ್ಯಾಕ್ಟರ್‌ನಾಗೆ ಐತೆ ನೋಡ್ರಿ" ಎಂದ ದುರುಗಣ್ಣ. ಸಾಹೇಬರು ನೋಡದೆ ಜೀಪು ಹತ್ತಿದರು.

ತಮ್ಮ ಕೃಪೆಯಿಂದ, ಹೆರಿಗೆಗೆ ಬಂದ ಮಗಳು ಸಂಧ್ಯಾರಾಣಿಯ ಬಾಣಂತಿ ಕೋಣೆ ಈಗ ಸೋರುತ್ತಿದೆ. ಇಪ್ಪತ್ತು ದಿನದ ಕೂಸಿನ ತೊಟ್ಟಿಲು ಮೂರು ಸಲ ಜಾಗ ಬದಲಿಸಿತು, ಒಣ ಮೂಲೆ ಇನ್ನುಳಿದಿಲ್ಲ. ಮೊನ್ನೆ ತೊಲೆಯ ಮಗ್ಗುಲಿನಿಂದ ಒದ್ದೆ ಮಣ್ಣಿನ ಹೆಂಟೆಯೊಂದು ತೊಟ್ಟಿಲ ಪಕ್ಕಕ್ಕೇ ಬಿತ್ತು. ನನ್ನ ಹೆಂಡತಿ ಕಸ್ತೂರಮ್ಮ, "ಅಷ್ಟು ಕಾಳಜಿ ಇದ್ರೆ ಆ ಬೋರ್ಡಿಗೇ ಮಾಳಿಗೆ ಹತ್ತಾಕೆ ಹೇಳ್ರಿ" ಎಂದಳು. ಬಾಣಂತಿಯ ತಾಯಿ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಆದಕಾರಣ ತಾವು ದಯಮಾಡಿ ಮೃಗಶಿರಾ ಮಳೆಗೊಂದು ನೋಟಿಸು ಜಾರಿ ಮಾಡಿ, ಅನುಮತಿಯಿಲ್ಲದೆ ಕಟ್ಟಡದ ಮೂಲ ಸ್ವರೂಪ ಕೆಡಿಸುತ್ತಿರುವುದೇಕೆಂದು ಸಮಜಾಯಿಷಿ ಕೇಳಬೇಕು. ಒದ್ದೆ ತೊಲೆಗೆ ಹತ್ತಿರುವ ಗೆದ್ದಲುಗಳಿಗೂ ಒಂದು ಪ್ರತಿ ಕಳಿಸಬೇಕು. ಕೂಸನ್ನು ಮಾತ್ರ ತಮ್ಮ ಪಟ್ಟಿಗೆ ಸೇರಿಸಬೇಡಿ, ಅದು ಬೆಳೆದು ಮೂಲ ಸ್ವರೂಪ ಬದಲಾಯಿಸಿಕೊಳ್ಳಬೇಕಿದೆ.

ತಮ್ಮ ನೆರಳಿನಲ್ಲೇ ನೆನೆಯುತ್ತಿರುವ
ತಮ್ಮ ವಿಶ್ವಾಸಿ,
ಮಹೇಶ್ವರಪ್ಪ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ಕಸ್ತೂರಮ್ಮನ ಮಾತಿನಂತೆ ದುರುಗಣ್ಣ ನಾಲ್ಕೂ ಮೊಳೆ ಕಿತ್ತು, ತಮ್ಮನ್ನು ಮಾಳಿಗೆ ಹತ್ತಿಸಿ, ತೊಟ್ಟಿಲ ನೇರಕ್ಕೆ ಅಂಗಾತ ಮಲಗಿಸಿದ್ದಾನೆ. ತಗಡು ಗಟ್ಟಿಯಾಗಿದೆ, ಆ ಮೂಲೆಯಲ್ಲಿ ಸೋರುವುದು ನಿಂತು ಕೂಸು ನಿದ್ದೆ ಹೋಗಿದೆ. ತಮ್ಮ ಅಕ್ಷರಗಳು ಈಗ ಆಕಾಶಕ್ಕೆ ಮುಖ ಮಾಡಿವೆ, ಮಳೆಗೆ ಓದು ಬಂದರೆ ಓದಿಕೊಳ್ಳಲಿ. ಸಾಹೇಬರು ತಮ್ಮನ್ನು ಹುಡುಕಿಕೊಂಡು ಬಂದರೆ ನಾವೇ ಏಣಿ ಹಿಡಿದು ಹತ್ತಿಸುತ್ತೇವೆ; ಆ ನೆಪದಲ್ಲಾದರೂ ಮಾಳಿಗೆ ನೋಡಿಯಾರು.