ಮೆಟ್ಟಿಲ ಕೆಳಗಿನ ಬೈಕು

ಓಡುವ ಗಾಡಿ ಇಟ್ಟುಕೊಂಡವರಿಗೆ ದಾರಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಅದರಲ್ಲಿ ವಿಶೇಷವಿಲ್ಲ. ನನಗೆ ಆದದ್ದೆಲ್ಲ ನಿಂತ ಗಾಡಿಯಿಂದ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಊರಿಗೆ ಹೋದಾಗ ಹೇಳಿದರೆ ಯಾರೂ ನಂಬುವುದಿಲ್ಲ, ಆಮೇಲೆ ನನ್ನ ಹೆಂಡತಿ ಸಾಕ್ಷಿ ಹೇಳಬೇಕಾಗುತ್ತದೆ. ಅವಳು ಸಾಕ್ಷಿ ಹೇಳಿದರೆ ನನ್ನ ಮರ್ಯಾದೆ ಇನ್ನಷ್ಟು ಹೋಗುತ್ತದೆ. ಆದ್ದರಿಂದ ನಾನೇ ಬರೆದಿಡುತ್ತೇನೆ.

1. ನೋಟಿಸು

ತೊಂಬತ್ತರ ದಶಕದಲ್ಲಿ ನಾವು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದು ವಸತಿ ಸೊಸೈಟಿಯಲ್ಲಿದ್ದೆವು. ನಾನು ಉಡುಪಿ ಕಡೆಯವನು, ಅಲ್ಲಿನ ಒಂದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಇಂಜಿನಿಯರು. ಕೆಲಸ ಸಿಕ್ಕಿದ ಹೊಸತರಲ್ಲಿ ಎರಡು ಸೈಲೆನ್ಸರಿನ ಬೈಕೊಂದನ್ನು ಕೊಂಡಿದ್ದೆ. ಮದುವೆಯಾಗಿ ಬಂದ ಹೆಂಡತಿಯನ್ನು ರೈಲ್ವೆ ಸ್ಟೇಷನ್ನಿನಿಂದ ಮನೆಗೆ ಕರೆತಂದದ್ದು ಅದರಲ್ಲೇ. ಒಂದು ಕೈಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ, ಇನ್ನೊಂದು ಕೈಯಲ್ಲಿ ನನ್ನ ಅಂಗಿ ಹಿಡಿದು ಕುಳಿತಿದ್ದಳು. ಭರಣಿಯನ್ನೇ ಹೆಚ್ಚು ಬಿಗಿಯಾಗಿ ಹಿಡಿದಿದ್ದಳು ಎಂಬ ಸಂಶಯ ನನಗೆ ಈಗಲೂ ಇದೆ.

ಮಗಳು ಹುಟ್ಟಿದ ವರ್ಷ ಮನೆಗೆ ಸ್ಕೂಟರು ಬಂತು, ಬೈಕು ಮೆಟ್ಟಿಲ ಕೆಳಗೆ ಹೋಯಿತು. ಒಂದು ವಾರಕ್ಕೆ ಎಂದು ಇಟ್ಟದ್ದು ಎಂಟು ವರ್ಷ ಅಲ್ಲೇ ಕುಳಿತಿತು. ಅದರ ಹ್ಯಾಂಡಲ್ಲಿನ ಮೇಲೆ ನೆರೆಯ ಹೆಂಗಸರು ಬಟ್ಟೆ ಒಣಗಿಸಿದರು, ಸೀಟಿನಲ್ಲಿ ಬೆಕ್ಕು ಮೂರು ಸಲ ಹೆತ್ತಿತು. ಆದರೂ ಪ್ರತಿ ವರ್ಷ ಆಯುಧಪೂಜೆಗೆ ಅದಕ್ಕೊಂದು ಚೆಂಡುಹೂವಿನ ಮಾಲೆ ತಪ್ಪಿಸಿದವನಲ್ಲ ನಾನು.

ಒಂದು ದಿನ ಸೊಸೈಟಿಯ ಸೆಕ್ರೆಟರಿ ಕಾಕಾ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿಸಿದರು. ನಿವೃತ್ತ ಹೆಡ್‌ಮಾಸ್ತರು, ನಿಯಮವೆಂದರೆ ಪ್ರಾಣ. ಸೊಸೈಟಿಯಲ್ಲಿ ಕಾರಿದ್ದದ್ದು ಅವರಿಗೊಬ್ಬರಿಗೇ. ಅದನ್ನು ಕಾಂಪೌಂಡ್ ಗೋಡೆಗೆ ಮುಖಮಾಡಿ, ಗವಸು ಹೊದಿಸಿ ನಿಲ್ಲಿಸುತ್ತಿದ್ದರು. ಕಾಗದದಲ್ಲಿ ಹೀಗಿತ್ತು: ‘ಮೆಟ್ಟಿಲ ಕೆಳಗಿನ ಸದರಿ ವಾಹನವು ದಸರೆಯ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸ್ವಂತ ಶಕ್ತಿಯಿಂದ ಚಲಿಸತಕ್ಕದ್ದು. ತಪ್ಪಿದಲ್ಲಿ ಭಂಗಾರದವನಿಗೆ ಕೊಡಲಾಗುವುದು.’ ಭಂಗಾರದವನೆಂದರೆ ನಮ್ಮ ಗುಜರಿಯವನು. ದಸರೆಗೆ ಉಳಿದದ್ದು ಎರಡು ತಿಂಗಳು.

ಆ ಬೈಕು ತೂಕಕ್ಕೆ ಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹೆಂಡತಿಯ ಹತ್ತಿರ ಹೇಳಿದೆ, “ರಿಪೇರಿ ಮಾಡಿಸ್ತೇನೆ. ಬರೀ ರಿಪೇರಿ ಅಲ್ಲ, ಹೊಸ ಲೈಟು, ಹೊಸ ಹಾರನ್ನು, ಹೊಸ ಸೀಟು, ಎಲ್ಲ ಮಾಡಿಸ್ತೇನೆ.”

ಅವಳು ಚಪಾತಿ ಮಗುಚುತ್ತ ಹೇಳಿದಳು, “ಮಾಡಿಸಿ ಮಾರಾಯ್ರೆ. ಆದ್ರೆ ಮೊದಲು ಬೆಕ್ಕಿನ ಹತ್ರ ಒಂದು ಮಾತು ಕೇಳಿ.”

2. ಕಡಲೆಬೀಜ

ಸಾಬರಮತಿ ನದಿಯಾಚೆಯ ಹಳೇ ಊರಿನಲ್ಲಿ ಒಬ್ಬ ಮೇಸ್ತ್ರಿ ಚಾಚಾ ಇದ್ದರು. ಇಂಥ ಬೈಕುಗಳ ನಾಡಿ ಬಲ್ಲವರು ಎಂದು ಹೆಸರು. ಮನೆಗೆ ಬಂದು, ಬೈಕಿನ ಸುತ್ತ ಒಂದು ಸುತ್ತು ಹಾಕಿ, ಮೊದಲು ಚಹಾ ಕೇಳಿದರು. ಚಹಾ ಮುಗಿಸಿ, “ಕೊನೆಗೆ ಓಡಿದ್ದು ಯಾವಾಗ?” ಎಂದರು. ಎಂಟು ವರ್ಷ ಎಂದೆ. ಇನ್ನೊಂದು ಚಹಾ ಕೇಳಿದರು.

ಎರಡು ದಿನ ಬಿಚ್ಚಿ, ತೊಳೆದು, ಜೋಡಿಸಿದರು. ಸೈಲೆನ್ಸರುಗಳನ್ನು ಮಾತ್ರ ಬಿಚ್ಚಲಿಲ್ಲ, “ಅದರೊಳಗೆ ಏನಿರುತ್ತದೆ ಸಾಹೇಬ್, ಗಾಳಿ” ಎಂದರು. ಆಮೇಲೆ ಲುಂಗಿ ಎತ್ತಿ ಕಟ್ಟಿ ಒದ್ದರು. ಹತ್ತನೇ ಒದೆಗೆ ಬೈಕು ಒಂದೇ ಒಂದು ಸಲ ಢಂ ಎಂದಿತು. ಎರಡೂ ಸೈಲೆನ್ಸರುಗಳಿಂದ ಸುಟ್ಟ ಕಡಲೆಬೀಜ ಕೋವಿಯ ಚರೆಯ ಹಾಗೆ ಸಿಡಿದು, ಅಂಗಳದಲ್ಲಿ ಸೆಕ್ರೆಟರಿ ಕಾಕಾನ ಮನೆಯವರು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಬಿದ್ದವು. ಯಾವುದೋ ಅಳಿಲು ಎಂಟು ವರ್ಷದಿಂದ ಅಲ್ಲಿ ದಾಸ್ತಾನು ಮಾಡಿತ್ತು.

ಹೆಂಗಸರು ಓಡಿ ಬಂದರು. ನಾನು ಕ್ಷಮೆ ಕೇಳುವುದರಲ್ಲಿದ್ದೆ. ಚಾಚಾ ಒಂದು ಬೀಜ ಎತ್ತಿ, ಊದಿ, ಬಾಯಿಗೆ ಹಾಕಿಕೊಂಡರು. “ಗಾಡಿ ಸರಿಯಾಗಿಯೇ ಇದೆ ಸಾಹೇಬ್. ಇಷ್ಟು ಹದವಾಗಿ ಹುರಿಯಬೇಕಾದರೆ ಇಂಜಿನ್ ಚೆನ್ನಾಗಿರಬೇಕು!”

3. ವಡೋದರಾದ ಕನ್ನಡಿ

ಆ ಒಂದು ಢಂ ಆದದ್ದೇ ಕೊನೆ, ಕಿಕ್ಕರಿನ ಒಳಗಿನ ಹಲ್ಲುಚಕ್ರ ಮುರಿಯಿತು. ಅಂಥ ಚಕ್ರ ಈಗ ಬರುವುದಿಲ್ಲ, ಲೇತ್ ಯಂತ್ರದಲ್ಲಿ ಕಡೆಸಬೇಕು ಎಂದರು ಚಾಚಾ. ವಡೋದರಾದ ಮಂಜಲ್‌ಪುರದಲ್ಲಿ ನನ್ನ ಗೆಳೆಯನೊಬ್ಬನಿದ್ದ. ಅವನ ಮನೆಯ ಹತ್ತಿರದ ಕಾರ್ಖಾನೆ ಶೆಡ್ಡಿನಲ್ಲಿ ಒಬ್ಬ ಲೇತಿನವನಿದ್ದಾನೆ, ಕೈ ಬಂಗಾರ ಎಂದ.

ನಾನು ಸುಮ್ಮನೆ ಮುರಿದ ಚಕ್ರ ಹಿಡಿದುಕೊಂಡು ಹೋಗಬಹುದಿತ್ತು. ಆದರೆ ಇಂಜಿನಿಯರು ನೋಡಿ! ಆಫೀಸಿನ ಡ್ರಾಯಿಂಗ್ ಬೋರ್ಡಿನ ಮುಂದೆ ಮೂರು ದಿನ ಊಟದ ಬಿಡುವಿನಲ್ಲಿ ಕುಳಿತು, ಮೇಲಿನಿಂದ, ಮುಂದಿನಿಂದ, ಬದಿಯಿಂದ ನಕ್ಷೆ ಬರೆದೆ. ಕೂದಲೆಳೆಯಷ್ಟು ಅಳತೆಯನ್ನೂ ಬಿಡಲಿಲ್ಲ. ಮುರಿದ ಚಕ್ರವನ್ನು ಮನೆಯಲ್ಲೇ ಬಿಟ್ಟು, ನಕ್ಷೆಯನ್ನು ಸುರುಳಿ ಸುತ್ತಿಕೊಂಡು ರೈಲು ಹತ್ತಿದೆ.

ಲೇತಿನವನು ನಕ್ಷೆಯನ್ನು ಬಿಡಿಸಿ ಎರಡೂ ಕಣ್ಣಿಗೆ ಒತ್ತಿಕೊಂಡ. “ಇಪ್ಪತ್ತು ವರ್ಷದಲ್ಲಿ ಇಷ್ಟು ಚಂದದ ಕಾಗದ ಈ ಶೆಡ್ಡಿಗೆ ಬಂದಿಲ್ಲ ಸಾಹೇಬ್. ಹಳೇ ಪೀಸು ಎಲ್ಲಿ?”

“ಹಳೇ ಪೀಸು ಯಾಕೆ? ಎಲ್ಲ ಇದರಲ್ಲೇ ಇದೆ. ಇದರಲ್ಲಿ ಇದ್ದ ಹಾಗೆ ಮಾಡು, ಒಂದು ಗೆರೆ ಆಚೀಚೆ ಆಗಬಾರದು,” ಎಂದೆ ಜರ್ಬಿನಿಂದ.

ವಾರ ಬಿಟ್ಟು ಹೋದೆ, ಈ ಸಲ ಹಳೆಯ ಚಕ್ರವನ್ನೂ ಜೇಬಿನಲ್ಲಿಟ್ಟುಕೊಂಡು. ಹೊಸ ಚಕ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಹಲ್ಲುಗಳು ಬಲಕ್ಕೆ ಓರೆ, ಹೊಸದರ ಹಲ್ಲುಗಳು ಎಡಕ್ಕೆ ಓರೆ. ತಿರುಗಿಸಿ ಹಾಕೋಣವೆಂದರೆ ಆ ಕಡೆಯಿಂದ ಅದು ಕೂರುವುದಿಲ್ಲ. ನಕ್ಷೆ ಬಿಡಿಸಿ ನೋಡಿದೆ. ತಪ್ಪು ನನ್ನದೇ, ಎಡ ಬಲ ಅದಲುಬದಲಾಗಿತ್ತು.

ನನ್ನ ಮುಖ ನೋಡಲಾರದೆ ಲೇತಿನವನು ಗೋಡೆಯ ಮೊಳೆಯಲ್ಲಿದ್ದ ಕ್ಷೌರದ ಕನ್ನಡಿಯನ್ನು ತೆಗೆದು ಚಕ್ರದ ಪಕ್ಕದಲ್ಲಿ ಹಿಡಿದ. “ಬೇಜಾರು ಮಾಡ್ಕೋಬೇಡಿ ಸಾಹೇಬ್. ಇದರೊಳಗೆ ನೋಡಿ, ನಿಮ್ಮ ಗಾಡಿಗೆ ಸರಿಯಾಗಿ ಕೂರುತ್ತದೆ.”

ಆಮೇಲೆ ಹಳೆಯ ಚಕ್ರ ನೋಡಿ ಅವನು ಅರ್ಧ ದಿನದಲ್ಲಿ ಸರಿಯಾದದ್ದು ಮಾಡಿಕೊಟ್ಟ. ನನ್ನ ನಕ್ಷೆಯನ್ನು ಮಾತ್ರ ಹಿಂದೆ ಕೊಡಲಿಲ್ಲ. ದೇವರ ಪಟದ ಪಕ್ಕ ಅಂಟಿಸಿದ್ದಾನೆಂದು ಗೆಳೆಯ ಆಮೇಲೆ ಹೇಳಿದ.

4. ನಮ್ಮವರದ್ದೇ ಗಾಡಿ

ಬೈಕಿನ ಬದಿಯ ಟೂಲ್ ಬಾಕ್ಸಿಗೆ ಮುಚ್ಚಳ ಇರಲಿಲ್ಲ. ಯಾವಾಗ ಬಿದ್ದುಹೋಯಿತೋ ಗೊತ್ತಿಲ್ಲ. ಸಾಬರಮತಿಯ ದಂಡೆಯಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನೆರೆಯುತ್ತದೆ, ಅಲ್ಲಿ ಸಿಗದ ವಸ್ತುವಿಲ್ಲ ಎಂದರು ಚಾಚಾ. ಬಿಸಿಲಲ್ಲಿ ಅರ್ಧ ದಿನ ತಿರುಗಿದ ಮೇಲೆ ಒಂದು ಗೋಣಿಯ ಮೇಲೆ ಕಣ್ಣು ಬಿತ್ತು. ಅದೇ ಮುಚ್ಚಳ, ಅದೇ ಬಣ್ಣ! ಅಷ್ಟೇ ಅಲ್ಲ, ಒಂದು ಮೂಲೆಯಲ್ಲಿ ಮಾಸಿದ ಬಿಳಿ ಬಣ್ಣದಲ್ಲಿ ಕನ್ನಡದ ‘ಶ್ರೀ’.

ನನಗೆ ಕಣ್ಣು ತುಂಬಿ ಬಂತು. ಪರವೂರಿನಲ್ಲಿ, ಗುಜರಿಯ ರಾಶಿಯಲ್ಲಿ ಒಂದು ಕನ್ನಡ ಅಕ್ಷರ! ಚೌಕಾಸಿ ಮಾಡುವುದನ್ನೂ ಮರೆತು ತಂದೆ. ಮನೆಗೆ ಬಂದವನೇ ಹೆಂಡತಿಯನ್ನು ಕರೆದು, “ನೋಡು ಮಾರಾಯ್ತಿ, ಯಾರೋ ನಮ್ಮವರದ್ದೇ ಗಾಡಿ. ಪಾಪ, ಯಾವ ಊರಿನವರೋ, ಎಷ್ಟು ಪ್ರೀತಿಯಿಂದ ಬರೆಸಿದ್ದರೋ. ಇದನ್ನು ಗುಜರಿಗೆ ಹಾಕಲಿಕ್ಕೆ ಯಾರಿಗೆ ಮನಸ್ಸು ಬಂತೋ!” ಎಂದೆ.

ಅವಳು ಮುಚ್ಚಳವನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿದಳು. “ಬರೆಸಿದ್ದು ನೀವೇ, ಮರ್ತಿದ್ದೀರಿ. ಹಾಕಲಿಕ್ಕೆ ಮನಸ್ಸು ಬಂದದ್ದು ನನಗೇ,” ಎಂದಳು. “ನಾಕು ವರ್ಷದ ಹಿಂದೆ, ಹಳೇ ಪೇಪರಿನ ಒಟ್ಟಿಗೆ.”

5. ಸೂರತ್ತಿನ ಸೀಟು

ಬೆಕ್ಕಿನ ಬಾಣಂತನಗಳಿಂದ ಸೀಟು ಸೀಟಾಗಿ ಉಳಿದಿರಲಿಲ್ಲ. ನನ್ನ ಹೆಂಡತಿಯ ತಮ್ಮ ಸೂರತ್ತಿನಲ್ಲಿ, ಬಟ್ಟೆ ಮಾರುಕಟ್ಟೆಯ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದ. ಫೋನಿನಲ್ಲಿ ವಿಷಯ ಕೇಳಿ, “ಭಾವ, ಸೀಟಿನ ಚಿಂತೆ ನನಗೆ ಬಿಡಿ. ದಿನಾ ನಮ್ಮಲ್ಲಿ ಮಸಾಲೆದೋಸೆ ತಿನ್ನುವ ಸೇಠ್ ಒಬ್ರು ಇದ್ದಾರೆ. ಅವರ ಹತ್ರ ಇಲ್ಲದ ಬಟ್ಟೆ ಇಲ್ಲ,” ಎಂದ. ಹಳೇ ಸೀಟನ್ನು ಬಸ್ಸಿನಲ್ಲಿ ಕಳಿಸಿಕೊಟ್ಟೆ.

ಹದಿನೈದು ದಿನಕ್ಕೆ ಸೀಟು ವಾಪಸು ಬಂತು. ಬಿಚ್ಚಿದೆ. ನವಿಲು ಬಣ್ಣ, ಅಂಚಿನಲ್ಲಿ ಜರಿ, ನಡುನಡುವೆ ಮಾವಿನಕಾಯಿಯ ಚಿತ್ತಾರ. ಸೇಠ್ ತಮ್ಮ ಅಂಗಡಿಯ ಅತಿ ಒಳ್ಳೆಯ ಸಿಂಥೆಟಿಕ್ ಸೀರೆಯನ್ನೇ ಹರಿದು ಹೊದಿಸಿದ್ದರು. ಕೈಯಿಟ್ಟರೆ ಕೈ ಜಾರುತ್ತಿತ್ತು. ಸ್ಟ್ಯಾಂಡು ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಹೆಂಡತಿಯನ್ನು ಕೂರಿಸಿ ನೋಡಿದೆ. ಕುಳಿತಳು, ಮೆಲ್ಲಗೆ ಹಿಂದಕ್ಕೆ ಸರಿದಳು, ಮಡಿಗಾರ್ಡನ್ನೂ ದಾಟಿ ನೆಲಕ್ಕೆ ಇಳಿದಳು. ಬೈಕು ಅಲುಗಾಡಿರಲೇ ಇಲ್ಲ.

ಭಾವಮೈದುನನಿಗೆ ಫೋನು ಮಾಡಿದೆ. “ಜಾರ್ತದೆ ಅಂತ ಸೇಠರಿಗೆ ಹೇಳುದು ಹ್ಯಾಗೆ ಭಾವ? ಅಷ್ಟು ಪ್ರೀತಿಯಿಂದ ಮಾಡಿಸಿದ್ದಾರೆ,” ಎಂದು ಗೋಗರೆದ. “ಬಣ್ಣ ಹೋಗುದಿಲ್ಲ, ಸುಕ್ಕು ಬರುದಿಲ್ಲ. ಮತ್ತೆ, ಪೊಟ್ಟಣದ ಅಡಿಯಲ್ಲಿ ನೋಡಿದ್ರಾ? ಮ್ಯಾಚಿಂಗ್ ಬ್ಲೌಸ್ ಪೀಸು ಉಂಟು.”

6. ದಸರೆ

ದಸರೆಗೆ ಎರಡು ದಿನ ಇರುವಾಗ ಚಾಚಾ ಕೆಲಸ ಮುಗಿಸಿದರು. ಆರು ವೋಲ್ಟಿನ ಮಿಣುಕು ದೀಪದ ಜಾಗದಲ್ಲಿ ಹನ್ನೆರಡು ವೋಲ್ಟಿನ ಹ್ಯಾಲೊಜನ್, ಲಾರಿಯಂಥ ಹಾರನ್ನು. ನಾಲ್ಕನೇ ಒದೆಗೆ ಬೈಕು ಸ್ಟಾರ್ಟ್ ಆಗಿ ಚೆನ್ನಾಗಿ ಓಡಿತು. ಹೊರಡುವಾಗ ಚಾಚಾ ನನ್ನ ಕೈ ಹಿಡಿದು ಹೇಳಿದರು, “ಎಲ್ಲ ಮುಟ್ಟಿ ಸಾಹೇಬ್, ಟೈಮಿಂಗ್ ಮಾತ್ರ ಮುಟ್ಟಬೇಡಿ.” ಟೈಮಿಂಗೆಂದರೆ ಇಂಜಿನ್ನಿನೊಳಗೆ ಕಿಡಿ ಹೊತ್ತಬೇಕಾದ ಗಳಿಗೆ. ಅದನ್ನು ಅವರು ಬೀಡಿ ಪ್ಯಾಕಿನ ಕಾಗದ ಸಿಕ್ಕಿಸಿ ಅಂದಾಜಿನಲ್ಲಿ ಹೊಂದಿಸಿದ್ದರು.

ಅಂದಾಜು! ಇಂಜಿನಿಯರಿಗೆ ತಡೆಯುತ್ತದೆಯೇ? ಮರುದಿನ ಮಧ್ಯಾಹ್ನ ಅಳತೆಯ ಉಪಕರಣ ಇಟ್ಟು, ಲೆಕ್ಕ ಹಾಕಿ, ಟೈಮಿಂಗನ್ನು ‘ಸರಿ’ ಮಾಡಿದೆ. ಒದ್ದು ನೋಡಲಿಲ್ಲ, ಪೂಜೆಯ ನಂತರ ಒಂದೇ ಒದೆಗೆ ಸ್ಟಾರ್ಟ್ ಆಗಬೇಕು ಎಂಬ ಆಸೆ.

ದಸರೆಯ ಬೆಳಿಗ್ಗೆ ಬೈಕನ್ನು ಮೆಟ್ಟಿಲ ಕೆಳಗಿನಿಂದ ಹತ್ತಡಿ ಮುಂದೆ ತಂದು, ಗೇಟಿಗೆ ಮುಖಮಾಡಿ ನಿಲ್ಲಿಸಿದೆ. ಕುಂಕುಮ, ಮಾಲೆ, ಎರಡೂ ಚಕ್ರದ ಮುಂದೆ ಲಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದಾಗ, ತರಕಾರಿಯನ್ನು ಹೀಗೆ ನೆಲಕ್ಕೆ ಎಸೆಯುತ್ತಾರೆಯೇ ಎಂದು ನೆರೆಯವರು ಮರುಗಿದರು. ಇಡೀ ಸೊಸೈಟಿ ಕೈಯಲ್ಲಿ ಅಲ್ಲಿನ ದಸರೆಯ ತಿಂಡಿಯಾದ ಫಾಫಡಾ ಜಿಲೇಬಿ ಹಿಡಿದು ಬಾಲ್ಕನಿಯಲ್ಲಿ ನೆರೆದಿತ್ತು. ಸೆಕ್ರೆಟರಿ ಕಾಕಾ ಗಡಿಯಾರ ನೋಡುತ್ತ ನಿಂತಿದ್ದರು. ಗೇಟಿನ ಹೊರಗೆ ಭಂಗಾರದವನ ಕೈಗಾಡಿ ಬಂದು ನಿಂತಿತ್ತು. ಸಮಾಧಾನಕ್ಕೆಂದು ಕರೆಸಿದ್ದ ಚಾಚಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

ಹೆಂಡತಿ ಇಳಿದು ಬಂದಳು. ನವಿಲು ಬಣ್ಣದ, ಜರಿಯಂಚಿನ ಬ್ಲೌಸು! ಸೀಟಿಗೆ ಹೊಂದುವ ಹಾಗೆ, ನನಗೆ ತಿಳಿಯದಂತೆ ಹೊಲಿಸಿಕೊಂಡಿದ್ದಳು. ಇಷ್ಟು ದಿನ ಗೇಲಿ ಮಾಡಿದವಳಿಗೂ ಈ ಬೈಕು ಉಳಿಯಬೇಕಿತ್ತು ಎಂಬುದು ನನಗೆ ಆಗಲೇ ಗೊತ್ತಾದದ್ದು. ಸೀಟನ್ನೊಮ್ಮೆ, ಬ್ಲೌಸನ್ನೊಮ್ಮೆ ನೋಡಿದೆ. ಅವಳೇ, “ನೋಡುದೆಂತ? ಒದೀರಿ,” ಎಂದಳು.

ಅವಸರದಲ್ಲಿ ಅರೆಬರೆ ಒದೆ ಬಿತ್ತು. ಕಿಕ್ಕರು ನನ್ನನ್ನೇ ತಿರುಗಿ ಒದೆಯಿತು, ಆದರೆ ಇಂಜಿನ್ನು ಸ್ಟಾರ್ಟ್ ಆಯಿತು! ಹೊಗೆ, ಚಪ್ಪಾಳೆ. ಹೆಂಡತಿ ಹತ್ತಿ ಕುಳಿತು, ಜಾರದ ಹಾಗೆ ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದಳು. ಈ ಸಲ ಭರಣಿ ಇರಲಿಲ್ಲ. ಹತ್ತಕ್ಕೆ ಎರಡು ನಿಮಿಷ ಇತ್ತು. ಹಾರನ್ನು ಬಾರಿಸಿ, ಫಸ್ಟ್ ಗೇರು ಹಾಕಿ, ಕ್ಲಚ್ಚು ಬಿಟ್ಟೆ.

ಬೈಕು ಹಿಂದಕ್ಕೆ ಹೊರಟಿತು.

ಗೇಟು ದೂರವಾಗುತ್ತಿದೆ, ಲಿಂಬೆಹಣ್ಣು ದೂರವಾಗುತ್ತಿದೆ, ಕಾಕಾನ ತೆರೆದ ಬಾಯಿ ದೂರವಾಗುತ್ತಿದೆ. ಗಾಬರಿಯಲ್ಲಿ ಇನ್ನಷ್ಟು ಆಕ್ಸಿಲರೇಟರು ತಿರುಗಿಸಿದೆ. ಎರಡೂ ಕಾಲು ನೆಲಕ್ಕೆ ಉಜ್ಜುತ್ತ, ಹೆಂಡತಿ ಮೊದಲು, ನಾನು ಆಮೇಲೆ, ನೆಟ್ಟಗೆ ಮೆಟ್ಟಿಲ ಕೆಳಗೆ ಹೋಗಿ, ಹಳೇ ಗೋಣಿಚೀಲಗಳ ಮೇಲೆ ಕುಳಿತೆವು. ಇಂಜಿನ್ನು ನಿಂತಿತು. ಎಂಟು ವರ್ಷ ಇದ್ದ ಜಾಗ, ಒಂದು ಇಂಚು ಆಚೀಚೆ ಇಲ್ಲ.

ಚಾಚಾ ಲೋಟ ಕೆಳಗಿಟ್ಟು ಓಡಿ ಬಂದರು. “ಟೈಮಿಂಗ್ ಮುಟ್ಟಿದಿರಾ?” ಎಂದು ಹಣೆ ಚಚ್ಚಿಕೊಂಡರು. “ಟೂ ಸ್ಟ್ರೋಕ್ ಸಾಹೇಬ್! ಕಿಡಿ ತಪ್ಪಿದರೆ ಇಂಜಿನ್ ಉಲ್ಟಾ ತಿರುಗುತ್ತದೆ. ಅದಕ್ಕೇನು ಗೊತ್ತು ಮುಂದೆ ಯಾವುದು, ಹಿಂದೆ ಯಾವುದು!”

ಸೆಕ್ರೆಟರಿ ಕಾಕಾ ಭಂಗಾರದವನನ್ನು ಕೈಬೀಸಿ ಕರೆದರು. ಆಗ ನನ್ನ ಹೆಂಡತಿ ಕತ್ತಲೆಯಿಂದ ಹೊರಬಂದು, ತಲೆಯ ಜೇಡರ ಬಲೆ ಬಿಡಿಸಿಕೊಳ್ಳುತ್ತ, ಗುಜರಾತಿಯಲ್ಲಿ ಕೇಳಿದಳು, “ಕಾಕಾ, ನೋಟಿಸಿನಲ್ಲಿ ಸ್ವಂತ ಶಕ್ತಿಯಿಂದ ಚಲಿಸಬೇಕು ಎಂದಿತ್ತು. ಚಲಿಸಿತೋ ಇಲ್ಲವೋ?”

ಬಾಲ್ಕನಿಯವರೆಲ್ಲ ಚಲಿಸಿತು, ಚಲಿಸಿತು ಎಂದು ಕೂಗಿದರು. ಕಾಕಾ ಕನ್ನಡಕ ಹಾಕಿಕೊಂಡು ತಮ್ಮದೇ ನೋಟಿಸನ್ನು ಎರಡು ಸಲ ಓದಿದರು. ಯಾವ ದಿಕ್ಕಿಗೆ ಎಂದು ಬರೆದಿರಲಿಲ್ಲ. ನಿಯಮದ ಮನುಷ್ಯ, ಭಂಗಾರದವನಿಗೆ ಒಂದು ಜಿಲೇಬಿ ಕೊಟ್ಟು ಕಳಿಸಿದರು. ಚಾಚಾ ಬೀಡಿ ಪ್ಯಾಕಿನ ಕಾಗದ ಸಿಕ್ಕಿಸಿ ಕಾಲು ಗಂಟೆಯಲ್ಲಿ ಟೈಮಿಂಗು ಸರಿಮಾಡಿದರು. ಲಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿಕೊಂಡು, ನಾವಿಬ್ಬರೂ ಸ್ಯಾಟಲೈಟ್ ಇಡೀ ಸುತ್ತಿ ಬಂದೆವು.

ಆದರೆ ಕಾಕಾಗೆ ಸೋಲು ಅರಗಲಿಲ್ಲ. ಸಂಜೆಗೆ ಹೊಸ ನೋಟಿಸು ಬಂತು: ‘ಇನ್ನು ಮುಂದೆ ಸೊಸೈಟಿಯ ಆವರಣದಲ್ಲಿ ಸಕಲ ವಾಹನಗಳೂ ಮುಂದಕ್ಕೆ ಮಾತ್ರ ಚಲಿಸತಕ್ಕದ್ದು.’ ಕೆಳಗೆ ಸಹಿ, ಮೊಹರು.

ಮರುದಿನ ಬೆಳಿಗ್ಗೆ ಕಾಕಾ ಕೋಟು ತೊಟ್ಟು, ಕಾರಿನ ಗವಸು ತೆಗೆದು ಒಳಗೆ ಕುಳಿತರು. ಎದುರಿಗೆ ಕಾಂಪೌಂಡಿನ ಗೋಡೆ. ಇಂಜಿನ್ ಶುರುಮಾಡಿದರು, ಗೇರಿಗೆ ಕೈ ಹಾಕಿದರು, ಹಾಗೇ ಕುಳಿತರು. ಒಂದೊಂದಾಗಿ ಬಾಲ್ಕನಿಗಳು ತುಂಬಿದವು.

ನನ್ನ ಹೆಂಡತಿ ಬಟ್ಟೆ ಒಣಹಾಕುತ್ತ ಮೇಲಿನಿಂದ ಬಹಳ ಮರ್ಯಾದೆಯಿಂದ ಕೇಳಿದಳು, “ಕಾಕಾ, ಗೋಡೆ ಒಡೆಸುವುದು ಯಾವಾಗ?”