ಅತ್ತೆಯ ಕುಂಕುಮಕ್ಕೆ ಅಪವಾದ ತಂದ ಟರ್ಮಿನಲ್ ಮಹಾಶಯರಿಗೆ

ಮಾನ್ಯರೇ,

ಲಿನಕ್ಸ್ ಸಂಸ್ಥಾನದಲ್ಲಿ ಕಪ್ಪು ಪರದೆಯ ರೂಪದಲ್ಲಿ ವಿರಾಜಮಾನರಾಗಿ, ಬರೆದದ್ದನ್ನೆಲ್ಲ ಆಜ್ಞೆಯೆಂದು ನಡೆಸಿಕೊಡುವ ತಮ್ಮ ಸನ್ನಿಧಾನಕ್ಕೆ, ಮೈಸೂರಿನ ಶ್ರೀರಾಂಪುರದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುವ ಹೇಮಶ್ರೀ ತಲೆಬಾಗಿ ಮಾಡುವ ಶರಣು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ನಮ್ಮ ಅತ್ತೆ ಗಿರಿಜಾಂಬಾ ಅವರು ಮೂರು ದಿನಗಳಿಂದ ನನ್ನೊಡನೆ ಮಾತು ಬಿಟ್ಟಿದ್ದು, ಅದಕ್ಕೆ ತಾವೇ ಕಾರಣರು.

ತಮ್ಮ ಗುಣಗಾನ ಮೊದಲು ಆಗಲಿ. ಆಯುಧಪೂಜೆಯ ಹಿಂದಿನ ದಿನ ನನ್ನ ಹಳೆಯ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಾಗ ಅದು ಎಷ್ಟು ಚುರುಕಾಯಿತೆಂದರೆ ನಾನು ಅಡುಗೆಮನೆಗೂ ಕುಣಿದುಕೊಂಡೇ ಹೋದೆ. ಕೋಡ್ ಬರೆಯಲು ಯಾವ ಎಡಿಟರ್ ತಂತ್ರಾಂಶ ಒಳ್ಳೆಯದೆಂದು ಸಹೋದ್ಯೋಗಿಗಳಾದ ನಯನಾಳನ್ನೂ ಪ್ರದ್ಯುಮ್ನನನ್ನೂ ಕೇಳಿದ್ದಕ್ಕೆ, ಇಬ್ಬರೂ ಬೇರೆ ಬೇರೆ ಹೆಸರು ಹೇಳಿ ಪರಸ್ಪರ ಮುಖ ತಿರುಗಿಸಿಕೊಂಡರು. ಎರಡೂ ಬಿಟ್ಟಿ ಸಿಗುತ್ತವೆಂದು ತಿಳಿದು ಎರಡನ್ನೂ ಹಾಕಿಕೊಳ್ಳಲು ತೀರ್ಮಾನಿಸಿದೆ.

ಅಷ್ಟರಲ್ಲಿ ಹಬ್ಬ ಬಂತು. ಅತ್ತೆಯವರು ಲ್ಯಾಪ್‌ಟಾಪನ್ನು ಈಳಿಗೆಮಣೆ, ಕತ್ತರಿ, ಸ್ಪ್ಯಾನರುಗಳ ಪಕ್ಕದಲ್ಲಿಟ್ಟು, ಯಾವ ಅಕ್ಷರಕ್ಕೂ ಬೇಸರವಾಗಬಾರದೆಂದು ಅಷ್ಟೂ ಅಕ್ಷರದ ಕೀಗಳಿಗೆ ಒದ್ದೆ ಕುಂಕುಮದ ಬೊಟ್ಟಿಟ್ಟರು. ಮರುದಿನ ಬೆಳಿಗ್ಗೆ ನಾನು ಎಡಿಟರ್ ಹಾಕುವ ಆಜ್ಞೆಯನ್ನು ಜಾಲತಾಣದಿಂದ ಮೌಸಿನಲ್ಲೇ ನಕಲು ಮಾಡಿ ತಮ್ಮಲ್ಲಿ ಅಂಟಿಸಿ ಎಂಟರ್ ಒತ್ತಿದೆ. ತಾವು ಪಾಸ್‌ವರ್ಡ್ ಕೇಳಿದಿರಿ. ಎಷ್ಟು ಕುಟ್ಟಿದರೂ ಒಂದಕ್ಷರವಿಲ್ಲ, ಒಂದು ಚುಕ್ಕಿಯೂ ಇಲ್ಲ. ಆಜ್ಞೆ ಕೊಡುವಾಗ ಒತ್ತಿದ, ಬೊಟ್ಟು ಬೀಳದ ಎಂಟರ್ ಕೀ ಮಾತ್ರ ಕೆಲಸ ಮಾಡಿದ್ದರಿಂದ ಅಪರಾಧಿ ಯಾರೆಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ನಲವತ್ತೆರಡು ನೆಂಟರಿರುವ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಕೆಂಪು ಕೀಬೋರ್ಡಿನ ಫೋಟೊ ಹಾಕಿ, ಅತ್ತೆಯ ಪೂಜೆಯಿಂದ ಲ್ಯಾಪ್‌ಟಾಪ್ ಕೆಟ್ಟಿತೆಂದು ಬರೆದೆ. ನಮ್ಮೆಜಮಾನರು ಶಿವಕಿರಣ್ ಕಡ್ಡಿಗೆ ಹತ್ತಿ ಸುತ್ತಿಕೊಂಡು ಅರ್ಧ ದಿನ ಕೀಗಳ ಸಂದಿ ಒರೆಸಿದರು. ಸಂಜೆ ನಯನಾ ಫೋನಿನಲ್ಲಿ, "ಅದು ಹಂಗೇ ಕಣೇ, ಪಾಸ್‌ವರ್ಡ್ ಗುಟ್ಟಾಗಿರ್ಲಿ ಅಂತ ಏನೂ ತೋರಿಸಲ್ಲ. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತು," ಎಂದಳು. ಒತ್ತಿದೆ, ಎರಡೂ ಎಡಿಟರುಗಳು ಬಂದು ಕುಳಿತವು. ನಿಜ ತಿಳಿದ ಅತ್ತೆಯವರು, "ಅದು ಒಂದು ಚುಕ್ಕಿನೂ ತೋರಿಸ್ದೆ ಗುಟ್ಟು ಕಾಪಾಡ್ತದೆ. ನೀನು ನೋಡಿದ್ರೆ ನೆಂಟ್ರಿಗೆಲ್ಲ ಹೇಳ್ಬುಟ್ಟೆ ಕಣಮ್ಮ," ಎಂದವರು ಆಮೇಲೆ ಬಾಯಿ ತೆರೆದಿಲ್ಲ.

ಆದ್ದರಿಂದ ತಾವು ಇನ್ನು ಮುಂದೆ ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯನ್ನಾದರೂ, ಅದು ಘನತೆಗೆ ಕುಂದೆನಿಸಿದರೆ ಸಣ್ಣದೊಂದು ಕೆಮ್ಮನ್ನಾದರೂ ದಯಪಾಲಿಸಬೇಕೆಂದೂ, ಖುದ್ದಾಗಿ ನಮ್ಮ ಮನೆಗೆ ಬಂದು ತಪ್ಪನ್ನು ಅತ್ತೆಯವರ ಮುಂದೆ ಅಚ್ಚಗನ್ನಡದಲ್ಲಿ ಒಪ್ಪಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ. ತಾವು ಬರುವವರಲ್ಲವೆಂದು ಗೊತ್ತಿರುವುದರಿಂದ ಈ ಪತ್ರವನ್ನು ಅದೇ ಗ್ರೂಪಿಗೆ ಹಾಕುತ್ತಿದ್ದೇನೆ. ಕುಂಕುಮದ ತಪ್ಪೇನೂ ಇಲ್ಲ. ತಪ್ಪು ನನ್ನದು, ನನಗೆ ನಾಚಿಕೆಯಾಗಿದೆ.

ಎರಡು ಎಡಿಟರುಗಳ ಒಡತಿಯಾದ ತಮ್ಮ ವಿಶ್ವಾಸಿ,
ಹೇಮಶ್ರೀ

ತಾ.ಕ. (ಮರುದಿನ ಸೇರಿಸಿದ್ದು): ಗ್ರೂಪಿನಲ್ಲಿ ಪತ್ರ ಓದಿ ಅತ್ತೆಯವರು ಮಾತು ಶುರು ಮಾಡಿದ್ದಾರೆ. ಜೊತೆಗೆ ನಮ್ಮೆಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪಿನ ಪಾಸ್‌ವರ್ಡನ್ನೂ ಬದಲಾಯಿಸಿದ್ದಾರೆ. ನನಗೆ ಹೇಳಿದರೆ ಗ್ರೂಪಿಗೆ ಹೋಗುತ್ತದಂತೆ. ಈಗ ತಾವು ಪಾಸ್‌ವರ್ಡ್ ಕೇಳಿದಾಗಲೆಲ್ಲ ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ನನ್ನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ನಿಧಾನವಾಗಿ ಒತ್ತಿ ಹೋಗುತ್ತಾರೆ.