ಮಲಗಿದ ಎಂಟು

ದಾವಣಗೆರೆಯ ಪಂಚಾಕ್ಷರಪ್ಪನವರಿಗೆ ಹೆಸರಿನಲ್ಲೇ ಐದು ಅಕ್ಷರ. ಆರನೆಯದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ ಎಂಬುದು ಅವರ ಸಿದ್ಧಾಂತ. ನಾದಿನಿಯ ಮಗಳು ಸ್ನೇಹಾಳ ನಿಶ್ಚಿತಾರ್ಥ ಹರಿಹರದಲ್ಲಿ ಗೊತ್ತಾದದ್ದೇ ತಡ, ಅಳಿಯ ಬಿಟ್ಟುಹೋಗಿದ್ದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಲೆನ್ಸಿನ ಮೇಲಿನ ಬರಹಕ್ಕೆ ಭಾಷ್ಯ ಹೇಳಲು ಕುಳಿತರು.

“ಮಲೆಬೆನ್ನೂರಿನ ಶಬ್ಬೀರಣ್ಣಂಗೆ ಹೇಳಿದ್ರಾತು ಬಿಡ್ರಿ, ಫೋಟೋದಾಗೆ ಪಳಗಿದ ಕೈ ಅದು,” ಎಂದರು ಹೆಂಡತಿ ಅನ್ನಪೂರ್ಣಮ್ಮ.

“ಸುಮ್ಕಿರೆ. 50 ಎಂ.ಎಂ. ಅಂದ್ರೆ ಐವತ್ತು ಮಂದಿ ಮಾತ್ರ. ಎ.ಎಫ್. ಅಂದ್ರೆ ಆಲ್ ಫ್ಯಾಮಿಲಿ. ಎಂ.ಎಫ್. ಅಂದ್ರೆ ಮೇಲ್-ಫೀಮೇಲ್, ಜೋಡಿ ಫೋಟೋಕ್ಕೆ.”

“ಈ ಮಲಗಿರೋ ಎಂಟು?”

“ಎಂಟಲ್ಲ ಅದು, ಎರಡು ಸೊನ್ನೆ ತಬ್ಬಿಕೊಂಡಾವೆ. ಗಂಡು-ಹೆಣ್ಣು. ಜೋಡಿ ನಿಂತಾಗ ಲೆನ್ಸಿನ ಉಂಗುರ ಅಲ್ಲಿಗೇ ತಿರುಗಿಸ್ಬೇಕು.”

“ಫೋಟೋ ಚಂದ ಬಂದ್ರೆ ನಿಮಗೊಂದು ಮೈಸೂರು ಪಾಕು. ಕೆಟ್ರೆ ಮರುದಿನದಿಂದ ಹಾಗಲಕಾಯಿ ರಸ.”

(ಸಕ್ಕರೆ ಕಾಯಿಲೆಯ ಪಂಚಾಕ್ಷರಪ್ಪನವರು ಸಿಹಿ ಮುಟ್ಟಿ ಯುಗಗಳೇ ಆಗಿದ್ದವು. ಆ ಮನೆಯ ಹಾಗಲ ರಸದ ಗಾಳಿ ಸೋಕಿದರೆ ತುಂಗಭದ್ರೆಯ ಮೀನುಗಳೂ ಮುಖ ಹಿಂಡುತ್ತಿದ್ದವಂತೆ.)

ಹರಿಹರದಲ್ಲಿ, ಐವತ್ತೊಂದನೆಯವರಾಗಿ ಬಂದು ನಿಂತ ವರನ ಸೋದರಮಾವನನ್ನು “ಲೆನ್ಸಿನಾಗೆ ಜಾಗ ಇಲ್ರಿ ಗೋಣೆಪ್ಪಾರೆ” ಎಂದು ಕೈಮುಗಿದು ಹೊರಗೆ ಕಳಿಸಿದ್ದಾಯಿತು. ಆಮೇಲೆ ಗುಂಡಿ ಎಂ.ಎಫ್.ಗೆ, ಉಂಗುರ ತಬ್ಬಿಕೊಂಡ ಸೊನ್ನೆಗಳಿಗೆ. ಜೋಡಿಯ ನಗು ಒಣಗಿ ಉದುರುವವರೆಗೂ ಕ್ಲಿಕ್ಕಿಸಿದರು.

ಸಂಜೆ ನಾದಿನಿಯ ಮನೆಯ ಟಿವಿಯಲ್ಲಿ ಫೋಟೋ ದರ್ಶನ. ಗುಂಪಿನ ಫೋಟೋದಲ್ಲಿ ಬೀಗರ ಹಲ್ಲಿನ ಸಂದಿಯ ಕೊತ್ತಂಬರಿಯೂ ಸ್ಪಷ್ಟ. ಜೋಡಿಯ ಫೋಟೋದಲ್ಲಿ ಮಾತ್ರ ಮಂಜಿನೊಳಗೆ ಎರಡು ಬಾಳೆಗೊನೆ ನಿಲ್ಲಿಸಿದಂತಿತ್ತು.

“ಹುಡುಗಿ ನಾಚಿಕೊಂಡ್ರೆ ಲೆನ್ಸು ಹಿಡಿಯಂಗಿಲ್ಲ,” ಎಂದರು ಪಂಚಾಕ್ಷರಪ್ಪ.

ಸ್ನೇಹಾಳ ಕಣ್ಣು ತುಂಬಿತ್ತು. “ದೊಡ್ಡಪ್ಪ, ಎಂ.ಎಫ್. ಅಂದ್ರೆ ಫೋಕಸ್ ನಾವೇ ಕೈಯಾಗೆ ಕೂಡಿಸ್ಬೇಕು ಅಂತ. ಉಂಗುರ ಆ ಮಲಗಿರೋ ಎಂಟಿನ ಗುರ್ತಿಗೆ ಇಟ್ರೆ ಹತ್ರದ್ದೆಲ್ಲ ಕಲಸಿ ಹೋಗ್ತತಿ, ದೂರದ್ದಷ್ಟೇ ಚೊಕ್ಕ.”

“ದೂರದಾಗೆ ಏನೈತೆ ನೋಡೋಣ,” ಎಂದು ಅನ್ನಪೂರ್ಣಮ್ಮ ಕನ್ನಡಕ ಏರಿಸಿ ಟಿವಿಯ ಹತ್ತಿರ ಹೋದರು.

ಜೋಡಿಯ ಹಿಂದೆ, ದೂರದ ಗೋಡೆಯಲ್ಲಿ ದೊಡ್ಡ ಕನ್ನಡಿ. ಅದರೊಳಗೆ, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಪಂಚಾಕ್ಷರಪ್ಪನವರು. ಕಣ್ಣಿಗೆ ಕ್ಯಾಮೆರಾ, ಬಾಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಮೈಸೂರು ಪಾಕು. ಮುಂದಿನ ಫೋಟೋದಲ್ಲಿ ಇನ್ನೊಂದು. ಅದರ ಮುಂದಿನದರಲ್ಲಿ ಮತ್ತೊಂದು.

“ಅದು... ಮುಂಗಡ,” ಎಂದರು ಪಂಚಾಕ್ಷರಪ್ಪ, ಕ್ಷೀಣವಾಗಿ.

ಅನ್ನಪೂರ್ಣಮ್ಮ ಅವರತ್ತ ತಿರುಗಲೂ ಇಲ್ಲ. “ನಾಳೆ ಶಬ್ಬೀರಣ್ಣನ್ನ ಕರಸ್ತೀನಿ, ಅದೇ ಸೀರೆ ಉಟ್ಕಳವ್ವ. ಅಂದಂಗೆ, ಆ ಮಲಗಿರೋ ಎಂಟಿಗೆ ಅರ್ಥ ಏನು?”

“ಕೊನೇನೇ ಇಲ್ಲ ಅಂತ, ದೊಡ್ಡವ್ವ.”

“ಹಂಗಾರೆ,” ಎಂದರು ಅನ್ನಪೂರ್ಣಮ್ಮ, “ಹಾಗಲಕಾಯಿ ರಸಾನೂ ಅಲ್ಲಿಗೇ ತಿರುಗಿಸಿಡಾಣ.”